ಮಹರ್ಷಿ ಕರ್ವೆ: ನಡೆದ ದಾರಿಗೆ ಹೆಸರಾದವರು

ಚರ್ಚ್‌ಗೇಟ್ ನಿಲ್ದಾಣದಿಂದ ಹೊರಬಂದು ಉತ್ತರಾಭಿಮುಖವಾಗಿ ಹೊರಟರೆ, ರೈಲುಹಳಿಗಳ ಮಗ್ಗುಲಲ್ಲಿಯೇ ಸಾಗುವ ವಿಶಾಲವಾದ ರಸ್ತೆಯೊಂದು ಮರೀನ್ ಲೈನ್ಸ್, ಚರ್ನಿ ರೋಡ್ ನಿಲ್ದಾಣಗಳನ್ನು ಹಾಯ್ದು ಆಪೆರಾ ಹೌಸಿನ ಕಡೆಗೆ ಹೋಗುತ್ತದೆ. ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಈ ರಸ್ತೆಯನ್ನು ಕಾಣದವರು ವಿರಳ. ಮೂಲೆಯ ಫಲಕಗಳ ಮೇಲೆ ಮಹರ್ಷಿ ಕರ್ವೆ ಮಾರ್ಗ ಎಂದು ಬರೆದಿದೆ. ಮುದುಕರಾದ ಕೆಲವರು ಮಾತ್ರ ಇನ್ನೂ ಹಳೆಯ ರೂಢಿಯಂತೆ ಕ್ವೀನ್ಸ್ ರೋಡ್ ಎನ್ನುವುದುಂಟು. ಒಮ್ಮೆ ತರಗತಿಯಲ್ಲಿ ಈ ಕರ್ವೆ ಯಾರೆಂದು ಕೇಳಿದಾಗ, ಮಹರ್ಷಿ ಎಂಬ ಬಿರುದನ್ನು ನೆಚ್ಚಿಕೊಂಡ ಹುಡುಗನೊಬ್ಬನು, ಅವರು ಪುರಾಣಕಾಲದ ಋಷಿಗಳೆಂದು ನಿಸ್ಸಂಕೋಚವಾಗಿ ಉತ್ತರವಿತ್ತನು. ತರಗತಿಯೆಲ್ಲ ನಕ್ಕಿತು, ಆದರೆ ನಕ್ಕವರಲ್ಲಿಯೂ ಸರಿಯಾದ ಉತ್ತರ ಬಲ್ಲವರು ಇರಲಿಲ್ಲ. ಈ ಲೇಖನಕ್ಕೆ ಆ ಹುಡುಗನೇ ಕಾರಣ.

ದಾರಿಗಳಿಗೆ ಹೆಸರು ಬರುವ ಬಗೆ ಬಹು ವಿಚಿತ್ರವಾದುದು. ಹಿಂದಿನ ಕಾಲದಲ್ಲಿ ದಾರಿಯು ಯಾವ ಊರಿಗೆ ಹೋಗುತ್ತಿತ್ತೋ ಆ ಊರಿನ ಹೆಸರೇ ಅದಕ್ಕೆ ಸಲ್ಲುತ್ತಿತ್ತು; ಗಿರಗಾಂವಿಗೆ ಹೋಗುವುದು ಗಿರಗಾಂವ್ ರಸ್ತೆ, ಅಷ್ಟೆ. ಆಂಗ್ಲರ ಆಳಿಕೆಯಲ್ಲಿ ರಾಣಿ, ಗವರ್ನರ್, ಅಧಿಕಾರಿಗಳ ಹೆಸರುಗಳು ಬಂದವು. ಸ್ವಾತಂತ್ರ್ಯಾನಂತರ ನಗರಪಾಲಿಕೆಗಳು ಒಂದೊಂದಾಗಿ ಆ ಫಲಕಗಳನ್ನು ಇಳಿಸಿ ನಮ್ಮವರ ಹೆಸರುಗಳನ್ನು ಏರಿಸಿದವು. ಹಾರ್ನ್‌ಬಿ ರಸ್ತೆ ದಾದಾಭಾಯಿ ನವರೋಜಿಯವರ ಹೆಸರನ್ನೂ, ಗಿರಗಾಂವ್ ರಸ್ತೆ ಜಗನ್ನಾಥ ಶಂಕರಶೇಟರ ಹೆಸರನ್ನೂ ಪಡೆದವು. ನಾಗರಿಕರು ಮನವಿ ಸಲ್ಲಿಸುವುದು, ಸದಸ್ಯರೊಬ್ಬರು ಗೊತ್ತುವಳಿ ಮಂಡಿಸುವುದು, ಸಭೆ ಒಪ್ಪುವುದು, ಫಲಕ ನಿಲ್ಲುವುದು—ಇಷ್ಟೇ ಇದರ ವಿಧಿ. ದೊಡ್ಡ ಹೆದ್ದಾರಿಗಳಿಗಾದರೋ ಹಲವು ವೇಳೆ ಈ ಭಾಗ್ಯವೂ ಇಲ್ಲ. ಅವಕ್ಕೆ ಸರಕಾರ ಕೊಟ್ಟ ಸಂಖ್ಯೆಯೇ ಗತಿ. ರಜೆಯಲ್ಲಿ ನಾವು ಬೆಳಗಾವಿ, ಹುಬ್ಬಳ್ಳಿಗಳಿಗೆ ಹೋಗುವ ಹೆದ್ದಾರಿಯು ೪೮ ಎಂಬ ಅಂಕೆಯಿಂದಲೇ ತೃಪ್ತವಾಗಿದೆ. ಆ ಹೆದ್ದಾರಿಯಲ್ಲಿ ಪುಣೆಯನ್ನು ದಾಟಿದ ಮೇಲೆ ಸಾತಾರಾ ಸಿಗುತ್ತದೆಯಷ್ಟೆ? ನಮ್ಮ ಕಥಾನಾಯಕರ ನಡಿಗೆ ಆರಂಭವಾಗುವುದು ಆ ಸಾತಾರೆಯ ದಾರಿಯಲ್ಲಿಯೇ.

ಧೋಂಡೋ ಕೇಶವ ಕರ್ವೆಯವರು ೧೮೫೮ನೆಯ ಇಸವಿಯ ಏಪ್ರಿಲ್ ೧೮ರಂದು ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಗ್ರಾಮದಲ್ಲಿ ಹುಟ್ಟಿದರು. ಬೆಳೆದದ್ದು ಸಮುದ್ರತೀರದ ಮುರುಡದಲ್ಲಿ. ಬಡ ಬ್ರಾಹ್ಮಣ ಕುಟುಂಬ. ಮನೆಯಲ್ಲಿ ಸ್ವಾಭಿಮಾನಕ್ಕೆ ಮಾತ್ರ ಕೊರತೆಯಿರಲಿಲ್ಲ. ಹದಿಹರೆಯದಲ್ಲಿ ಸಾರ್ವಜನಿಕ ಪರೀಕ್ಷೆಯೊಂದಕ್ಕೆ ಕೂಡಲು ಅವರು ಸಾತಾರೆಗೆ ಹೋಗಬೇಕಾಯಿತು. ರೈಲಿಲ್ಲ, ಬಾಡಿಗೆ ಬಂಡಿಗೆ ದುಡ್ಡಿಲ್ಲ. ಸುರಿಯುವ ಮಳೆಯಲ್ಲಿ ಸಹ್ಯಾದ್ರಿಯ ಘಟ್ಟಗಳನ್ನೇರಿ, ನೂರು ಮೈಲಿಗೂ ಮಿಕ್ಕ ದಾರಿಯನ್ನು ಸಂಗಡಿಗರೊಂದಿಗೆ ಕಾಲ್ನಡಿಗೆಯಿಂದಲೇ ಸವೆಸಿ ಅವರು ಆ ಊರನ್ನು ಮುಟ್ಟಿದರು. ಅಲ್ಲಿ ಪರೀಕ್ಷಾಮಂಡಲಿಯವರು ಹುಡುಗನ ಕೃಶವಾದ ಶರೀರವನ್ನು ನೋಡಿ, ವಯಸ್ಸು ಸಾಲದೆಂದು ಶಂಕಿಸಿ, ಪರೀಕ್ಷೆಗೆ ಕೂಡಗೊಡದೆ ಹಿಂದಕ್ಕೆ ಕಳಿಸಿಬಿಟ್ಟರು! ಬಂದಷ್ಟೇ ದೂರ ಹಿಂದಿರುಗುವಾಗ ಆ ಬಾಲಕನ ಮನಸ್ಸು ಹೇಗಿದ್ದಿರಬಹುದೆಂಬುದನ್ನು, ಪರೀಕ್ಷೆಯ ದಿನ ಅರ್ಧ ಘಂಟೆ ಬಸ್ಸು ತಡವಾದರೆ ಕಂಗೆಡುವ ನಾವು ಊಹಿಸಿಕೊಳ್ಳಬೇಕು.

ಓದು ನಿಧಾನವಾಗಿ ಸಾಗಿತು. ೧೮೮೧ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ ಮೆಟ್ರಿಕ್. ೧೮೮೪ರಲ್ಲಿ ನಮ್ಮ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಪದವಿ. ಅಷ್ಟರಲ್ಲಿ ಅಂದಿನ ಸಂಪ್ರದಾಯದಂತೆ ಬಾಲ್ಯದಲ್ಲಿಯೇ ರಾಧಾಬಾಯಿಯವರೊಡನೆ ವಿವಾಹವಾಗಿತ್ತು, ಮಗನೂ ಹುಟ್ಟಿದ್ದನು. ಮುಂಬಯಿಯಲ್ಲಿ ಅವರು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಗಣಿತ ಬೋಧಿಸಿ, ಮನೆಪಾಠ ಹೇಳಿ ಸಂಸಾರ ತೂಗಿಸಿದರು. ತಮ್ಮ ಆ ಅಲ್ಪ ಸಂಪಾದನೆಯಲ್ಲಿಯೇ ಸಂಬಂಧಿಕರ ಬಾಲಕನೊಬ್ಬನನ್ನು ಮನೆಯಲ್ಲಿರಿಸಿಕೊಂಡು ಓದಿಸಿದರು. ಆತನೇ ೧೮೯೯ರಲ್ಲಿ ಕೇಂಬ್ರಿಜಿನ ಗಣಿತಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಆದ ರಘುನಾಥ ಪುರುಷೋತ್ತಮ ಪರಾಂಜಪೆ.

೧೮೯೧ ಕರ್ವೆಯವರ ಬಾಳಿನಲ್ಲಿ ತಿರುವಿನ ವರ್ಷ. ಆ ವರ್ಷ ರಾಧಾಬಾಯಿಯವರು ಇನ್ನೂ ಮೂವತ್ತು ತುಂಬುವ ಮುನ್ನವೇ ತೀರಿಕೊಂಡರು. ಆ ವರ್ಷವೇ ಗೋಪಾಲಕೃಷ್ಣ ಗೋಖಲೆಯವರ ಆಹ್ವಾನದಂತೆ ಕರ್ವೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಹೋದರು. ಲೋಕಮಾನ್ಯ ತಿಲಕರು ಬಿಟ್ಟುಹೋದ ಗಣಿತಪೀಠವದು. ಕಾಲೇಜಿನ ಆಜೀವ ಸದಸ್ಯರು ಕಡಮೆ ಸಂಬಳಕ್ಕೆ ದುಡಿಯುವ ವ್ರತ ತೊಟ್ಟವರಾಗಿದ್ದರು. ಕರ್ವೆಯವರೂ ಆ ವ್ರತಕ್ಕೆ ಸೇರಿ ೧೯೧೪ರವರೆಗೆ ಅಲ್ಲಿಯೇ ಪಾಠ ಹೇಳಿದರು.

ಪತ್ನಿ ಕಳೆದ ಗಂಡಸು ಮತ್ತೊಂದು ಮದುವೆಯಾಗುವುದು ಅಂದು ಸಹಜವೆನಿಸಿತ್ತು. ಹೆಣ್ಣನ್ನು ಕೊಡುವವರೂ ಸಾಲುಗಟ್ಟಿ ಬರುತ್ತಿದ್ದರು. ಪತಿ ಕಳೆದ ಹೆಂಗಸಿನ ಗತಿ ಬೇರೆ. ಅವಳು ಎಂಟು ವರ್ಷದ ಮಗುವಾದರೂ ಸರಿಯೆ, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಶುಭಕಾರ್ಯಗಳಿಗೆ ಮುಖ ತೋರದೆ, ಮನೆಯ ಹಿಂದಿನ ಕೋಣೆಯಲ್ಲಿ ಜೀವ ಸವೆಸಬೇಕಾಗಿತ್ತು. ೧೮೫೬ರಲ್ಲಿಯೇ ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆತಿತ್ತು. ಆದರೆ ಕಾನೂನು ಮನೆಯ ಹೊಸ್ತಿಲ ಒಳಗೆ ಬಂದಿರಲಿಲ್ಲ. ಮರುಮದುವೆಯಾಗುವುದಾದರೆ ವಿಧವೆಯನ್ನೇ ಆಗುವುದೆಂದು ಕರ್ವೆಯವರು ನಿರ್ಧರಿಸಿದರು. ಗೆಳೆಯ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿ ಎಂಟರ ವಯಸ್ಸಿನಲ್ಲಿ ಮದುವೆಯಾಗಿ ಕೆಲವೇ ತಿಂಗಳುಗಳಲ್ಲಿ ವಿಧವೆಯಾದವರು. ಪಂಡಿತಾ ರಮಾಬಾಯಿಯವರ ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿ. ೧೮೯೩ರ ಮಾರ್ಚ್ ೧೧ರಂದು ಪುಣೆಯಲ್ಲಿ ಈ ಇಬ್ಬರ ವಿವಾಹವಾಯಿತು. ಗೋದೂಬಾಯಿಯವರು ಆನಂದೀಬಾಯಿ ಎಂಬ ಹೆಸರು ಪಡೆದರು.

ಮುರುಡದ ಜನ ಸಿಟ್ಟಿಗೆದ್ದರು. ಊರು ಸಭೆ ಸೇರಿ ದಂಪತಿಗಳಿಗೆ ಬಹಿಷ್ಕಾರ ಹಾಕಿತು. ಅವರನ್ನು ಮನೆಗೆ ಸೇರಿಸಿದರೆ ತಾಯಿಗೂ ಅದೇ ಶಿಕ್ಷೆಯೆಂದು ಬೆದರಿಕೆ. ಹುಟ್ಟಿಬೆಳೆದ ಊರಿನ ಬಾಗಿಲು ಹೀಗೆ ಮುಚ್ಚಿತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಕರ್ವೆಯವರು ಊರನ್ನು ಬಯ್ಯಲಿಲ್ಲ. ಪ್ರತಿಭಟನೆಯ ಭಾಷಣ ಮಾಡುವುದು ಅವರ ಸ್ವಭಾವದಲ್ಲಿರಲಿಲ್ಲ. ಅವರು ಮಿತಭಾಷಿ, ಸಂಕೋಚದ ವ್ಯಕ್ತಿ. ವೇದಿಕೆಯ ಮೇಲೆ ಮಿಂಚುವ ಶಕ್ತಿ ಅವರಿಗಿರಲಿಲ್ಲ. ನಮ್ಮ ದೇಶದ ಸುಧಾರಕರ ಸಾಲಿನಲ್ಲಿ ಇಷ್ಟು ಕಡಮೆ ಮಾತಾಡಿ ಇಷ್ಟು ಹೆಚ್ಚು ನಡೆದವರು ಮತ್ತೊಬ್ಬರಿಲ್ಲವೆಂದು ನನಗನ್ನಿಸುತ್ತದೆ.

ಅದೇ ೧೮೯೩ರಲ್ಲಿ ಅವರು ವಿಧವಾವಿವಾಹವನ್ನು ಉತ್ತೇಜಿಸಲು ಮಂಡಲಿಯೊಂದನ್ನು ಸ್ಥಾಪಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಅವರ ವಿಚಾರ ಬೇರೆ ದಿಕ್ಕಿಗೆ ಹೊರಳಿತು. ಸಮಾಜವನ್ನು ಎದುರಿಸಿ ಮದುವೆಯಾಗುವ ಧೈರ್ಯ ನೂರರಲ್ಲಿ ಒಬ್ಬಳಿಗೆ ಬಂದೀತು, ಉಳಿದವರ ಗತಿಯೇನು? ಅವರು ಓದಿ, ಒಂದು ಉದ್ಯೋಗ ಕಲಿತು, ಯಾರ ಹಂಗೂ ಇಲ್ಲದೆ ನಿಲ್ಲುವಂತಾದರೆ, ಮುಂದಿನ ಬಾಳನ್ನು ತಾವೇ ಆರಿಸಿಕೊಂಡಾರು. ಈ ಎಣಿಕೆಯಿಂದ ೧೮೯೬ರಲ್ಲಿ ಅನಾಥ ಬಾಲಿಕಾಶ್ರಮ ಮಂಡಲಿ ಹುಟ್ಟಿತು. ಸನಾತನಿಗಳು ಇದನ್ನು ಧರ್ಮದ್ರೋಹವೆಂದರು. ತೀವ್ರ ಸುಧಾರಕರು, ಮರುಮದುವೆಯ ಮಾತನ್ನು ಹಿಂದಿಟ್ಟರೆಂದು ಹೇಡಿತನದ ಆರೋಪ ಹೊರಿಸಿದರು. ಮೊದಮೊದಲು ಆಶ್ರಮಕ್ಕೆ ಬಂದವರು ಬಹುಮಟ್ಟಿಗೆ ಬ್ರಾಹ್ಮಣ ವಿಧವೆಯರೇ ಎಂಬುದೂ ಸತ್ಯ. ಈ ಮಿತಿಯನ್ನು ಮರೆಮಾಚುವುದು ಚರಿತ್ರೆಗೆ ನ್ಯಾಯವಾಗದು.

ಈಗ ಆ ದಾರಿಯ ಮಾತಿಗೆ ಬರೋಣ.

ಆಶ್ರಮವು ಮೊದಲು ಪುಣೆಯ ಪೇಟೆಯಲ್ಲಿತ್ತು. ಪ್ಲೇಗಿನ ಹಾವಳಿಯಿಂದ ಊರೇ ಬರಿದಾಗತೊಡಗಿದಾಗ ಅದನ್ನು ಹೊರಕ್ಕೆ ಸಾಗಿಸುವುದು ಅನಿವಾರ್ಯವಾಯಿತು. ನಗರದಿಂದ ಸುಮಾರು ನಾಲ್ಕು ಮೈಲಿ ದೂರದ ಹಿಂಗಣೆ ಎಂಬ ಹಳ್ಳಿಯಲ್ಲಿ ರಾವಬಹಾದ್ದೂರ್ ಗಣೇಶ ಗೋವಿಂದ ಗೋಖಲೆ ಎಂಬ ಉದಾರಿಗಳು ಆರು ಎಕರೆ ಜಮೀನನ್ನೂ, ಒಂದು ಸೂರು ಕಟ್ಟಲು ೭೫೦ ರೂಪಾಯಿಗಳನ್ನೂ ದಾನ ಮಾಡಿದರು. ೧೯೦೦ರಲ್ಲಿ ಅಲ್ಲೊಂದು ಗುಡಿಸಲು ಎದ್ದಿತು. ಸುತ್ತಲೂ ಹೊಲ, ಕುರುಚಲು ಕಾಡು. ನೆರೆಹೊರೆ ಇಲ್ಲ, ಅಂಗಡಿ ಇಲ್ಲ, ರಸ್ತೆಯಂತೂ ಇಲ್ಲವೇ ಇಲ್ಲ. ಆ ಗುಡಿಸಲಿನಲ್ಲಿ ಬೆರಳೆಣಿಕೆಯ ವಿಧವೆಯರು ವಾಸಕ್ಕೆ ಬಂದರು.

ಕರ್ವೆಯವರು ಹಗಲೆಲ್ಲ ಕಾಲೇಜಿನಲ್ಲಿ ಬೀಜಗಣಿತ, ರೇಖಾಗಣಿತ ಬೋಧಿಸಿ, ಸಂಜೆಯಾಗುತ್ತಲೆ ಆಶ್ರಮಕ್ಕೆ ಬೇಕಾದ ದಿನಸಿ ಸಾಮಾನುಗಳನ್ನು ಹೊತ್ತು ಹಿಂಗಣೆಗೆ ಹೊರಡುತ್ತಿದ್ದರು. ಹೊಲದ ಬದುವೇ ದಾರಿ. ಮಳೆಗಾಲದಲ್ಲಿ ಕೆಸರು ಮೊಣಕಾಲ ತನಕ. ರಾತ್ರಿ ಅಲ್ಲಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಲೆಕ್ಕಪತ್ರ ನೋಡಿ, ಅಲ್ಲಿಯೇ ತಂಗಿ, ಬೆಳಗಾಗುವುದರೊಳಗೆ ಮತ್ತೆ ಪುಣೆಯ ಕಡೆ ಹೆಜ್ಜೆ. ಒಂದು ದಿನವಲ್ಲ, ಎರಡು ದಿನವಲ್ಲ; ವರ್ಷಗಟ್ಟಲೆ ಈ ದಿನಚರಿ ನಡೆಯಿತು. ನಲವತ್ತು ದಾಟಿದ ಪ್ರಾಧ್ಯಾಪಕರೊಬ್ಬರು ಗಂಟು ಹೊತ್ತು ಕೆಸರಿನಲ್ಲಿ ನಡೆಯುವುದನ್ನು ಕಂಡು ಹಾಸ್ಯ ಮಾಡಿದವರಿದ್ದರು. ಬೀದಿಯಲ್ಲಿ ಮೂದಲಿಸಿದವರೂ ಇದ್ದರು. ಅವರು ತಲೆಯೆತ್ತದೆ ಮುಂದೆ ನಡೆದರು.

ಇಂದು ಪುಣೆಯ ಡೆಕ್ಕನ್ ಜಿಮಖಾನಾ ಭಾಗದಿಂದ ಹೊರಟು, ನಳ್ ಸ್ಟಾಪ್ ದಾಟಿ ಕೋಥರೂಡದ ಕಡೆಗೆ ಹೋಗುವ ರಾಜಮಾರ್ಗಕ್ಕೆ ಕರ್ವೆ ರಸ್ತೆ ಎಂದು ಹೆಸರು. ಅವರು ಅಂದು ಗಂಟು ಹೊತ್ತು ಹೋಗುತ್ತಿದ್ದ ದಿಕ್ಕಿಗೇ ಅದು ಹೋಗುತ್ತದೆ. ಕೋಥರೂಡದಲ್ಲಿ ಅವರ ಪ್ರತಿಮೆಯಿದೆ; ಅಲ್ಲಿಂದ ಮುಂದಕ್ಕೆ ಹಿಂಗಣೆ ಇದ್ದ ಜಾಗವು ಕರ್ವೆನಗರವೆಂದು ಕರೆಯಲ್ಪಡುತ್ತದೆ. ಲೋಕದಲ್ಲಿ ಬಹುಪಾಲು ಮಹನೀಯರ ಹೆಸರು, ಅವರು ಎಂದೂ ಕಾಲಿಡದ ರಸ್ತೆಗಳಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಮಾತ್ರ ಹೆಜ್ಜೆಯೇ ಮೊದಲು ಬಿದ್ದಿತು; ಡಾಂಬರು ಆಮೇಲೆ ಬಂತು, ಹೆಸರು ಎಲ್ಲಕ್ಕೂ ಕೊನೆಗೆ.

ಆದರೂ ಈ ಹೆಸರಿನ ಬಗ್ಗೆ ನನಗೊಂದು ಸಣ್ಣ ತಕರಾರುಂಟು. ಕರ್ವೆಯವರು ತಮ್ಮ ಉಳಿತಾಯವನ್ನೂ, ಕುಟುಂಬದ ಆಸರೆಗಾಗಿ ಇಳಿಸಿದ್ದ ಐದು ಸಾವಿರ ರೂಪಾಯಿಗಳ ವಿಮಾಪತ್ರವನ್ನೂ ಆಶ್ರಮಕ್ಕೆ ಒಪ್ಪಿಸಿಬಿಟ್ಟರು. ತ್ಯಾಗ ದೊಡ್ಡದು, ನಿಜ. ಆದರೆ ಆ ರಾತ್ರಿಗಳಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಮನೆಯಲ್ಲಿ ಒಬ್ಬರೇ ಉಳಿದವರು ಆನಂದೀಬಾಯಿ. ಬರಿದಾದ ಡಬ್ಬಿಯಲ್ಲಿ ನಾಳೆಯ ಅಡಿಗೆಯನ್ನು ಹುಡುಕಬೇಕಾದವರೂ ಅವರೇ. ಅವರು ಸೂಲಗಿತ್ತಿಯ ವಿದ್ಯೆ ಕಲಿತು ದುಡಿದು ಸಂಸಾರಕ್ಕೆ ಹೆಗಲು ಕೊಟ್ಟರು. ಸಂಸ್ಥೆಗಾಗಿ ಮನೆಮನೆ ತಿರುಗಿ ಹಣ ಕೂಡಿಸಿದರು. ವಿಮಾಪತ್ರದ ವಿಷಯದಲ್ಲಿ ಗಂಡನೊಡನೆ ಜಗಳವನ್ನೂ ಆಡಿದರು, ಆಡಿದ್ದು ಸರಿಯಾಗಿಯೇ ಇತ್ತು. ಬಾಯಾ ಕರ್ವೆ ಎಂದು ಜನ ಅವರನ್ನು ಕರೆಯುತ್ತಿದ್ದರು. ತಮ್ಮ ಬಾಳಕಥೆಯನ್ನು ಅವರು ಮರಾಠಿಯಲ್ಲಿ ಹೇಳಿದ್ದಾರೆ. ಅವರ ತಂಗಿ ಪಾರ್ವತೀಬಾಯಿ ಆಠವಲೆಯವರೂ ಬಾಲ್ಯದಿಂದ ಅಕ್ಷರ ಕಾಣದ ವಿಧವೆ. ಆಶ್ರಮ ಸೇರಿ, ಓದು ಕಲಿತು, ಅದರ ಮೇಲ್ವಿಚಾರಕಿಯಾಗಿ, ಕಡೆಗೆ ನಿಧಿ ಸಂಗ್ರಹಕ್ಕೆಂದು ಅಮೇರಿಕೆಯವರೆಗೂ ಹೋಗಿಬಂದರು. ರಸ್ತೆಯ ಫಲಕದಲ್ಲಿ ಒಬ್ಬರ ಹೆಸರಿಗೆ ಮಾತ್ರ ಎಡೆ ಇದೆ. ಅದನ್ನು ಓದುವಾಗಲೆಲ್ಲ ಈ ಅಕ್ಕತಂಗಿಯರನ್ನೂ ಸೇರಿಸಿ ಓದಿಕೊಳ್ಳುವುದು ನನ್ನ ರೂಢಿ.

ಹಿಂಗಣೆಯ ಕೆಲಸ ಬೆಳೆಯಿತು. ೧೯೦೭ರಲ್ಲಿ ವಿಧವೆಯರಲ್ಲದ ಹುಡುಗಿಯರಿಗಾಗಿ ಮಹಿಳಾ ವಿದ್ಯಾಲಯ ತೆರೆಯಿತು. ಅಷ್ಟರಲ್ಲಿ ಕಾಶಿಯ ಶಿವಪ್ರಸಾದ ಗುಪ್ತರು ಜಪಾನಿನ ಮಹಿಳಾ ವಿಶ್ವವಿದ್ಯಾಲಯವನ್ನು ಕುರಿತ ಪುಸ್ತಿಕೆಯೊಂದನ್ನು ಕರ್ವೆಯವರಿಗೆ ಕಳಿಸಿದ್ದರು. ಅದು ಬೀಜವಾಯಿತು. ೧೯೧೫ರಲ್ಲಿ ಮುಂಬಯಿಯಲ್ಲಿ ಕೂಡಿದ ಸಾಮಾಜಿಕ ಪರಿಷತ್ತಿನ ಅಧ್ಯಕ್ಷರಾಗಿ ಅವರು ಸ್ತ್ರೀಯರಿಗಾಗಿ ಪ್ರತ್ಯೇಕ ವಿದ್ಯಾಪೀಠದ ಯೋಜನೆಯನ್ನು ಮುಂದಿಟ್ಟರು. ಮರುವರ್ಷವೇ, ೧೯೧೬ರಲ್ಲಿ, ಅದು ಸ್ಥಾಪಿತವಾಯಿತು. ಡಾ. ರಾ. ಗೋ. ಭಾಂಡಾರಕರರು ಕುಲಪತಿಗಳು, ಅವರ ಮನೆಯಲ್ಲಿ ಬೆಳೆದ ಪರಾಂಜಪೆಯವರು ಉಪಕುಲಪತಿಗಳು. ಕಾಲೇಜಿನ ಮೊದಲ ತರಗತಿಯಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ಐದು.

ನಮ್ಮ ಶಾಲೆಯವರು ವಿಶೇಷವಾಗಿ ನೆನೆಯಬೇಕಾದ ಸಂಗತಿ ಇಲ್ಲಿದೆ. ಆ ವಿದ್ಯಾಪೀಠದಲ್ಲಿ ಉನ್ನತ ಶಿಕ್ಷಣವನ್ನೂ ಮಾತೃಭಾಷೆಯ ಮುಖಾಂತರವೇ ಕೊಡತಕ್ಕದ್ದೆಂದು ಕರ್ವೆಯವರು ನಿಶ್ಚಯಿಸಿದರು. ಇಂಗ್ಲಿಷನ್ನು ಒಂದು ವಿಷಯವಾಗಿ ಕಡ್ಡಾಯ ಮಾಡಿದರು. ಎಲ್ಲ ಕಾಲೇಜುಗಳೂ ಇಂಗ್ಲಿಷಿನಲ್ಲಿಯೇ ಉಸಿರಾಡುತ್ತಿದ್ದ ಕಾಲವದು. ಅವರು ಕೊಟ್ಟ ಪದವಿಗೆ ಗೃಹೀತಾಗಮಾ ಎಂಬ ದೇಶೀಯ ನಾಮಧೇಯ. ಸರಕಾರದ ಮನ್ನಣೆ ದೊರೆಯಲಿಲ್ಲ. ಮನ್ನಣೆಯಿಲ್ಲದ ಪದವಿಯಿಂದ ಏನು ಪ್ರಯೋಜನವೆಂದು ಪಾಲಕರು ಹಿಂಜರಿದರು. ನಿಮ್ಮ ತಾಯಿತಂದೆಯರು ನಿಮ್ಮನ್ನು ಕನ್ನಡ ಶಾಲೆಗೆ ಹಾಕಿದಾಗ ನೆರೆಹೊರೆಯವರು ಯಾವ ಪ್ರಶ್ನೆ ಕೇಳಿದರೋ, ಅದೇ ಪ್ರಶ್ನೆ ನೂರು ವರ್ಷಗಳ ಹಿಂದೆ ಕರ್ವೆಯವರನ್ನೂ ಬಿಡಲಿಲ್ಲ. ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ೧೯೨೦ರಲ್ಲಿ ಮುಂಬಯಿಯ ಉದ್ಯಮಿ ಸರ್ ವಿಠ್ಠಲದಾಸ ಠಾಕರಸಿಯವರು ತಮ್ಮ ತಾಯಿ ನಾಥೀಬಾಯಿಯವರ ಸ್ಮರಣಾರ್ಥ ೧೫ ಲಕ್ಷ ರೂಪಾಯಿಗಳನ್ನು ಕೊಟ್ಟರು. ವಿದ್ಯಾಪೀಠಕ್ಕೆ ಆ ತಾಯಿಯ ಹೆಸರು ಬಂದಿತು. ೧೯೩೬ರಲ್ಲಿ ಅದರ ಕೇಂದ್ರವು ಮುಂಬಯಿಗೆ ಬಂತು. ಚರ್ಚ್‌ಗೇಟಿನ ಹತ್ತಿರ ನಾವು ದಿನವೂ ಕಾಣುವ ಎಸ್. ಎನ್. ಡಿ. ಟಿ. ಎಂಬ ನಾಲ್ಕಕ್ಷರದ ಸಂಸ್ಥೆ ಅದೇ. ಶಾಸನದ ಮನ್ನಣೆ ಅದಕ್ಕೆ ಪೂರ್ಣವಾಗಿ ದೊರೆತದ್ದು ೧೯೫೧ರಲ್ಲಿ, ಅಂದರೆ ಸ್ಥಾಪನೆಯಾದ ಮೂವತ್ತೈದು ವರ್ಷಗಳ ಮೇಲೆ. ಸಾತಾರೆಯಲ್ಲಿ ಪರೀಕ್ಷೆಗೆ ಕೂಡಿಸದೆ ಕಳಿಸಿದ ಹುಡುಗನಿಗೆ ಕಾಯುವುದು ಹೊಸದಾಗಿರಲಿಲ್ಲ.

ಎಪ್ಪತ್ತು ವರ್ಷವಾದ ಮೇಲೆ ಮನುಷ್ಯನು ವಿಶ್ರಾಂತಿ ಬಯಸುತ್ತಾನೆ. ಕರ್ವೆಯವರು ೧೯೨೯ರಲ್ಲಿ, ಎಪ್ಪತ್ತೊಂದರ ಅಂಚಿನಲ್ಲಿ, ಹಡಗು ಹತ್ತಿದರು. ಯುರೋಪು, ಅಮೇರಿಕಾ, ಜಪಾನು ಸುತ್ತಿದರು. ಬರ್ಲಿನ್ನಿನಲ್ಲಿ ಐನ್‌ಸ್ಟೈನರನ್ನು ಕಂಡರು. ಹಿಂದಿರುಗಿದ ವರ್ಷವೇ ಆಫ್ರಿಕಾ ಖಂಡಕ್ಕೆ ಹೊರಟು ಹದಿನೈದು ತಿಂಗಳು ಅಲ್ಲಿಯ ಭಾರತೀಯರ ನಡುವೆ ಸಂಚರಿಸಿದರು. ೧೯೩೬ರಲ್ಲಿ ಶಾಲೆಯಿಲ್ಲದ ಹಳ್ಳಿಗಳಲ್ಲಿ ಶಾಲೆ ತೆರೆಯುವ ಸಂಘ ಕಟ್ಟಿದರು. ೧೯೪೪ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಮನುಷ್ಯರೆಲ್ಲ ಸಮಾನರೆಂಬ ತತ್ವಕ್ಕಾಗಿ ಸಮತಾ ಸಂಘ. ತಮ್ಮ ಮೊದಲ ಆಶ್ರಮದ ಮಿತಿಯನ್ನು ಅವರು ಬಲ್ಲವರಾಗಿದ್ದರೆಂಬುದಕ್ಕೆ ಇದೇ ಸಾಕ್ಷಿಯೆಂದು ನಾನು ತಿಳಿಯುತ್ತೇನೆ.

ಗೌರವಗಳು ತಡವಾಗಿ, ಗುಂಪಾಗಿ ಬಂದವು. ಪುಣೆ, ಮುಂಬಯಿ, ಕಾಶಿಯ ವಿಶ್ವವಿದ್ಯಾಲಯಗಳ ಗೌರವ ಪದವಿಗಳು, ೧೯೫೫ರಲ್ಲಿ ಪದ್ಮವಿಭೂಷಣ, ನೂರು ತುಂಬಿದ ೧೯೫೮ರಲ್ಲಿ ಭಾರತರತ್ನ. ಆ ಏಪ್ರಿಲ್ ೧೮ರಂದು ನಮ್ಮ ಮುಂಬಯಿಯ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ನಡೆದ ಶತಮಾನೋತ್ಸವಕ್ಕೆ ಪ್ರಧಾನಿ ನೆಹರೂ ಅವರೇ ಬಂದರು. ಅಂದು ಹೊರಟ ಅಂಚೆಚೀಟಿಯಲ್ಲಿ ಕರ್ವೆಯವರ ಚಿತ್ರ. ಬದುಕಿರುವಾಗಲೇ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಮೊದಲ ಭಾರತೀಯರು ಅವರೇ. ಆ ಸಂಭ್ರಮವನ್ನು ನೋಡಲು ಆನಂದೀಬಾಯಿಯವರು ಇರಲಿಲ್ಲ. ೧೯೫೦ರಲ್ಲಿಯೇ ಅವರು ತೀರಿಕೊಂಡಿದ್ದರು. ೧೯೬೨ರ ನವೆಂಬರ್ ೯ರಂದು, ನೂರನಾಲ್ಕು ವರ್ಷ ಬಾಳಿ, ಕರ್ವೆಯವರು ಪುಣೆಯಲ್ಲಿ ಕಣ್ಣು ಮುಚ್ಚಿದರು.

ಈಗ ಕರ್ವೆ ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ರೈಲು ಓಡುತ್ತದೆ. ೨೦೨೨ರಲ್ಲಿ ಅದು ಆರಂಭವಾಯಿತು. ಹಿಂಗಣೆಯ ಆ ಆರು ಎಕರೆ ನೆಲ ದೊಡ್ಡ ಶಿಕ್ಷಣಸಂಸ್ಥೆಯಾಗಿ ಬೆಳೆದಿದೆ. ಹುಡುಗಿಯರಿಗಾಗಿಯೇ ನಡೆಯುವ ಇಂಜಿನಿಯರಿಂಗ್ ಕಾಲೇಜೂ ಅದರ ಆಡಳಿತದಲ್ಲಿದೆ. ಆದರೆ ಮೊದಲಿನ ಗುಡಿಸಲನ್ನು ಅವರು ಕೆಡವಿಲ್ಲ, ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಮುಂದಿನ ಚಳಿಗಾಲದ ಶೈಕ್ಷಣಿಕ ಪ್ರವಾಸ ಪುಣೆಗೇ ಎಂದು ಗೊತ್ತಾದರೆ, ಶನಿವಾರವಾಡೆಯನ್ನು ನೋಡಿದ ಮೇಲೆ ಡೆಕ್ಕನ್ ಜಿಮಖಾನಾದಲ್ಲಿ ಬಸ್ಸಿನಿಂದ ಇಳಿಯೋಣವೆಂದು ನಾನು ಮುಖ್ಯಾಧ್ಯಾಪಕರಲ್ಲಿ ಬಿನ್ನವಿಸಿಕೊಂಡಿದ್ದೇನೆ. ಅಲ್ಲಿಂದ ಗುಡಿಸಲಿನ ತನಕ ನಡೆದೇ ಹೋಗಬೇಕು. ಬುತ್ತಿಯ ಗಂಟನ್ನು ಸರದಿಯ ಮೇಲೆ ಹೊತ್ತುಕೊಂಡರಾಯಿತು.